ಊರಳಿವಿನಿಂದ ಕಡಲಳಿವಿನವರೆಗೆ: ಯುದ್ಧದ ಎಣ್ಣೆಬೆಂಕಿಗೆ ಲೆಕ್ಕವಿಡುವವರಾರು?

‘ಎಣ್ಣೆ’ ಎಂಬ ಪದವು ‘ಎಳ್’ ಮತ್ತು ‘ನೆಯ್’ ಎಂಬ ಎರಡು ಪದಗಳು ಕೂಡಿ ಆದುದೆಂದು ಭಾಷಾಶಾಸ್ತ್ರಜ್ಞರು ವಿವರಿಸುತ್ತಾರೆ. ಎಳ್ಳಿನಿಂದ ತೆಗೆದ ನೆಯ್ಯೇ ಎಣ್ಣೆ. ಹೊಲದಲ್ಲಿ ಬೆಳೆದು, ಗಾಣದಲ್ಲಿ ಅರೆದು, ಅಡುಗೆಗೂ ದೀಪಕ್ಕೂ ಬಳಸುತ್ತಿದ್ದ ಈ ವಸ್ತುವಿನ ಹೆಸರನ್ನೇ ನೆಲದಾಳದಿಂದ ಬಗೆದು ತೆಗೆದ ದ್ರವಕ್ಕೂ ಕನ್ನಡಿಗರು ವಿಸ್ತರಿಸಿದರು. ದಕ್ಷಿಣದಲ್ಲಿ ಅದು ಸೀಮೆಎಣ್ಣೆ, ಉತ್ತರದಲ್ಲಿ ಚಿಮಣಿ ಎಣ್ಣೆ, ಗ್ರಾಂಥಿಕದಲ್ಲಿ ಶಿಲಾತೈಲ. ಹೆಸರು ಒಂದೇ ಆದರೂ ಗುಣ ಒಂದೇ ಅಲ್ಲ. ಗಾಣದೆಣ್ಣೆಗಾಗಿ ರಾಜ್ಯಗಳು ಬಡಿದಾಡಿದ ಕಥೆ ಅಪರೂಪ. ಶಿಲಾತೈಲಕ್ಕಾಗಿ, ಶಿಲಾತೈಲದಿಂದಲೇ, ಕೊನೆಗೆ ಶಿಲಾತೈಲವನ್ನೇ ಆಯುಧವಾಗಿಸಿಕೊಂಡು ನಡೆದ ಯುದ್ಧಗಳು 20ನೆಯ ಶತಮಾನದ ಇತಿಹಾಸವನ್ನೆಲ್ಲ ಆವರಿಸಿವೆ.

ಬೀದರ ಜಿಲ್ಲೆಯ ಭಾಲ್ಕಿ ತಾಲ್ಲೂಕಿನ ಖಟಕ ಚಿಂಚೋಳಿಯಂಥ ಊರಿನಲ್ಲಿ ನಿಂತು ಈ ಮಾತನ್ನು ಆಡುವುದು ಮೊದಲ ನೋಟಕ್ಕೆ ವಿಚಿತ್ರವೆನಿಸಬಹುದು. ಅರಬ್ಬೀ ಸಮುದ್ರವು ಇಲ್ಲಿಂದ ನಾನೂರು ಕಿಲೋಮೀಟರಿಗೂ ಮಿಗಿಲಾದ ದೂರದಲ್ಲಿದೆ. ಕನ್ನಡ, ಮರಾಠಿ, ದಖನಿ ಉರ್ದು ಮೂರೂ ಕಿವಿಗೆ ಬೀಳುವ ಈ ಗಡಿನೆಲದ ಜನರಿಗೆ ಕಡಲೆಂದರೆ ಕೇಳಿದ ಮಾತೇ ಹೊರತು ಕಂಡ ನೋಟವಲ್ಲ. ಆದರೂ ಇಲ್ಲಿಯ ಹೊಲದಲ್ಲಿ ಇಂದು ಬೆಳೆಯುತ್ತಿರುವ ಸೋಯಾ ಒಂದು ಎಣ್ಣೆಕಾಳು. ಅದನ್ನು ಬಿತ್ತಲು, ರಾಶಿ ಮಾಡಲು, ಪೇಟೆಗೆ ಸಾಗಿಸಲು ಬೇಕಾದ ಡೀಸೆಲ್ ಬರುವುದು ಬಹುಪಾಲು ಹೊರದೇಶದ ಕಚ್ಚಾತೈಲದಿಂದ. ಈ ಭಾಗದಿಂದ ಕೊಲ್ಲಿ ರಾಷ್ಟ್ರಗಳಿಗೆ ದುಡಿಯಲು ಹೋದವರೂ ಅನೇಕರು. ಕೊಲ್ಲಿಯಲ್ಲಿ ಬೆಂಕಿ ಬಿದ್ದರೆ ಖಟಕ ಚಿಂಚೋಳಿಯ ರೈತನ ಲೆಕ್ಕಪುಸ್ತಕದಲ್ಲಿ ಅಂಕಿ ಬದಲಾಗುತ್ತದೆ. ಬದಲಾಗದೆ ಉಳಿಯುವುದು ಒಂದೇ: ಆ ಬೆಂಕಿಯಿಂದ ಸುಟ್ಟ ನೆಲ, ನೀರು, ಗಾಳಿಗಳ ಲೆಕ್ಕವನ್ನು ಯಾರೂ ಬರೆಯದೆ ಇರುವ ರೂಢಿ. ಈ ರೂಢಿಯನ್ನು ಪ್ರಶ್ನಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ರೂಢಿ ಹೊಸದಲ್ಲ ಎಂಬುದಕ್ಕೆ ಬೀದರ ಜಿಲ್ಲೆಯ ಇತಿಹಾಸವೇ ಸಾಕ್ಷಿಯಾಗಿದೆ. ತಂಜಾವೂರಿನ ವಸ್ತುಸಂಗ್ರಹಾಲಯದಲ್ಲಿ ಚಾಲುಕ್ಯ ಶೈಲಿಯ ದ್ವಾರಪಾಲಕ ಶಿಲ್ಪವೊಂದಿದೆ. ದಾರಾಸುರಂ ದೇವಾಲಯದಿಂದ ಅಲ್ಲಿಗೆ ಬಂದ ಆ ಶಿಲ್ಪದ ಪೀಠದ ಮೇಲೆ ತಮಿಳು ಬರಹವೊಂದನ್ನು ಕೆತ್ತಲಾಗಿದೆ. ವಿಜಯರಾಜೇಂದ್ರನೆಂಬ ಬಿರುದಿನ ಚೋಳ ಅರಸನು ಕಲ್ಯಾಣಪುರವನ್ನು ಸುಟ್ಟು ಈ ದ್ವಾರಪಾಲಕನನ್ನು ತಂದನೆಂಬುದು ಅದರ ತಾತ್ಪರ್ಯ. 11ನೆಯ ಶತಮಾನದ ನಡುಭಾಗದಲ್ಲಿ ರಾಜಾಧಿರಾಜ ಚೋಳನು ನಡೆಸಿದ ದಂಡಯಾತ್ರೆಯ ನೆನಪು ಅದು. ಕಲ್ಯಾಣಪುರವೆಂದರೆ ಇಂದಿನ ಬಸವಕಲ್ಯಾಣ. ಊರೊಂದನ್ನು ಸುಟ್ಟದ್ದು ಅಲ್ಲಿ ಕೀರ್ತಿಯಾಗಿ ದಾಖಲಾಗಿದೆ. ಸುಟ್ಟದ್ದೇನು, ಆ ಬೇಸಗೆಯಲ್ಲಿ ಯಾವ ಕೆರೆಯ ನೀರು ಕೆಟ್ಟಿತು, ಯಾವ ತೋಪು ಬೂದಿಯಾಯಿತು ಎಂಬುದನ್ನು ಬರೆಯುವ ಅಗತ್ಯ ಗೆದ್ದವರಿಗೆ ಇರಲಿಲ್ಲ. ಸೋತವರ ಕೈಯಲ್ಲಿ ಕಲ್ಲಿರಲಿಲ್ಲ.

ಮದ್ದುಗುಂಡಿನ ಕಾಲ ಬಂದ ಮೇಲೆ ಬೆಂಕಿಯ ಪ್ರಮಾಣ ಹೆಚ್ಚಿತು. 1657ರಲ್ಲಿ ರಾಜಕುಮಾರನಾಗಿದ್ದ ಔರಂಗಜೇಬನು ಬೀದರ ಕೋಟೆಯನ್ನು ಮುತ್ತಿದಾಗ ಕೋಟೆಯ ಅಧಿಪತಿ ಸಿದ್ದಿ ಮರ್ಜಾನನು ಎದುರುನಿಂತನು. ಮುತ್ತಿಗೆ ಹಾಕಿದವರ ಬಾಣವೊಂದು ಕೋಟೆಯೊಳಗಿನ ಮದ್ದಿನ ಸಂಗ್ರಹಕ್ಕೆ ಬಿದ್ದು, ಅದು ಸಿಡಿದು, ಮರ್ಜಾನನೂ ಅವನ ಮಕ್ಕಳೂ ಸುಟ್ಟು ಗಾಯಗೊಂಡರು. 27 ದಿನಗಳ ಮುತ್ತಿಗೆಯ ಕೊನೆಗೆ ಕೋಟೆ ಬಿದ್ದಿತು. ಅದೇ ಶತಮಾನದ ಅಂತ್ಯದಲ್ಲಿ ಮಹಮೂದ್ ಗವಾನನ ಮದರಸಾದಲ್ಲಿ ಸಂಗ್ರಹಿಸಿಟ್ಟಿದ್ದ ಮದ್ದು ಸ್ಫೋಟಗೊಂಡು ಆ ವಿದ್ಯಾಲಯದ ಒಂದು ದೊಡ್ಡ ಭಾಗವೇ ಉರುಳಿತು. ಇಂದು ಬೀದರಿಗೆ ಬರುವ ಪ್ರವಾಸಿಗನು ನೋಡುವ ಏಕಾಂಗಿ ಮಿನಾರವು ಸಮರೋಪಕರಣವನ್ನು ಜ್ಞಾನಮಂದಿರದಲ್ಲಿಟ್ಟ ಅವಿವೇಕದ ಗುರುತು. ಇಲ್ಲಿ ಮುಖ್ಯವಾದ ಪಾಠವೊಂದಿದೆ. ಯುದ್ಧಕ್ಕಾಗಿ ಕೂಡಿಟ್ಟ ದಾಹ್ಯವಸ್ತುವು ಶತ್ರು ಎದುರಿಗಿಲ್ಲದಾಗಲೂ ಉರಿಯಬಲ್ಲದು. ಸುಡುವುದು ಅದನ್ನು ಕೂಡಿಟ್ಟವರ ಸೊತ್ತನ್ನೇ.

ಶಿಲಾತೈಲದ ಬೆಂಕಿಯನ್ನು ದಕ್ಷಿಣ ಭಾರತವು ಯುದ್ಧದ ರೂಪದಲ್ಲಿ ಕಂಡದ್ದು 1914ರ ಸೆಪ್ಟೆಂಬರ್ 22ರ ರಾತ್ರಿ. ಜರ್ಮನಿಯ ‘ಎಮ್ಡೆನ್’ ಎಂಬ ಸಮರನೌಕೆಯು ಮದರಾಸಿನ ಬಂದರಿನ ಎದುರು ನಿಂತು ಬರ್ಮಾ ಆಯಿಲ್ ಕಂಪನಿಯ ತೈಲದ ತೊಟ್ಟಿಗಳ ಮೇಲೆ ಗುಂಡು ಹಾರಿಸಿತು. ತೊಟ್ಟಿಗಳು ಹೊತ್ತಿ ಉರಿದವು. ಸುಮಾರು ಮೂರೂವರೆ ಲಕ್ಷ ಗ್ಯಾಲನ್ ಎಣ್ಣೆ ಸುಟ್ಟುಹೋಯಿತೆಂಬುದು ಪ್ರಚಲಿತ ಅಂದಾಜು. ಅಂದಿನ ಮದರಾಸು ಪ್ರಾಂತದಲ್ಲಿ ದಕ್ಷಿಣ ಕನ್ನಡವೂ ಬಳ್ಳಾರಿಯೂ ಸೇರಿದ್ದವೆಂಬುದನ್ನು ಮರೆಯಬಾರದು. ಈ ಘಟನೆಯ ತರುವಾಯ ತಮಿಳು, ಮಲಯಾಳಂಗಳಲ್ಲಿ ‘ಎಮ್ಡನ್’ ಎಂಬುದು ಚತುರನಾದ, ಎದೆಗಾರನಾದ ಮನುಷ್ಯನನ್ನು ಸೂಚಿಸುವ ಪದವಾಗಿ ನಿಂತಿತು. ನೌಕೆಯ ಸಾಹಸವು ನಿಘಂಟನ್ನು ಸೇರಿತು. ಉರಿದ ಎಣ್ಣೆಯ ಹೊಗೆಗೆ ಮಾತ್ರ ಯಾವ ಭಾಷೆಯಲ್ಲಿಯೂ ಪದ ಹುಟ್ಟಲಿಲ್ಲ. ಇದು ಕಲ್ಯಾಣಪುರದ ದ್ವಾರಪಾಲಕನ ಕಥೆಯ ಆಧುನಿಕ ಪಾಠಾಂತರವೇ ಸರಿ.

ಇದೇ ಮಾತನ್ನು ಸ್ವತಂತ್ರ ಭಾರತದ ಬಗೆಗೂ ಹೇಳದಿದ್ದರೆ ವಾದವು ಪ್ರಾಮಾಣಿಕವಾಗುವುದಿಲ್ಲ. 1971ರ ಡಿಸೆಂಬರ್ 4ರ ರಾತ್ರಿ ಭಾರತೀಯ ನೌಕಾಪಡೆಯ ಕ್ಷಿಪಣಿ ದೋಣಿಗಳು ಕರಾಚಿಯ ಮೇಲೆ ನಡೆಸಿದ ‘ಟ್ರೈಡೆಂಟ್’ ಕಾರ್ಯಾಚರಣೆ, ಡಿಸೆಂಬರ್ 8ರ ರಾತ್ರಿಯ ‘ಪೈಥಾನ್’ ಕಾರ್ಯಾಚರಣೆ ಎರಡರಲ್ಲಿಯೂ ಕೆಮಾರಿಯ ತೈಲಸಂಗ್ರಹಗಳಿಗೆ ಬೆಂಕಿ ಬಿದ್ದಿತು. ಆ ಬೆಂಕಿ ದಿನಗಟ್ಟಲೆ ಉರಿಯಿತು; ಅದನ್ನು ದೀಪಾವಳಿಗೆ ಹೋಲಿಸಿದ ಮಾತು ನೌಕಾಪಡೆಯ ನೆನಪುಗಳಲ್ಲಿ ಉಳಿದಿದೆ. ಡಿಸೆಂಬರ್ 4 ಇಂದು ನೌಕಾದಿನ. ಆ ರಾತ್ರಿಯ ನಾವಿಕರ ಧೈರ್ಯವನ್ನಾಗಲಿ, ಅಂದಿನ ಯುದ್ಧದ ಅನಿವಾರ್ಯತೆಯನ್ನಾಗಲಿ ಅಲ್ಲಗಳೆಯುವುದು ಇಲ್ಲಿಯ ಉದ್ದೇಶವಲ್ಲ. ಅಂದು ಕರಾಚಿಯ ಮೇಲೆ ಹೋದ ಓಸಾ ಮಾದರಿಯ ದೋಣಿಗಳ ಕುಟುಂಬಕ್ಕೆ ಸೇರಿದ, ಆದರೆ 1971ರ ತರುವಾಯ ನೌಕಾಪಡೆಗೆ ಬಂದ ‘ಚಪಲ್’ ಎಂಬ ನೌಕೆಯು ಕಾರವಾರದ ಕಡಲತೀರದಲ್ಲಿ ವಸ್ತುಸಂಗ್ರಹಾಲಯವಾಗಿ ನಿಂತಿದೆ. ಅದನ್ನು ನೋಡಲು ಬರುವ ಶಾಲಾಮಕ್ಕಳಿಗೆ ಕ್ಷಿಪಣಿಯ ವೇಗ, ದೂರ, ಗುರಿಗಳನ್ನು ತಿಳಿಸುವವರು ಸಿಗುತ್ತಾರೆ. ಎಣ್ಣೆಯ ತೊಟ್ಟಿ ಉರಿದಾಗ ಅರಬ್ಬೀ ಸಮುದ್ರಕ್ಕೆ ಏನಾಗುತ್ತದೆ ಎಂಬ ಪ್ರಶ್ನೆಯೂ ಆ ತೀರದಲ್ಲಿಯೇ ಕೇಳಬೇಕಾದ ಪ್ರಶ್ನೆ. ಏಕೆಂದರೆ ಕರಾಚಿಯ ಸಮುದ್ರವೂ ಕಾರವಾರದ ಸಮುದ್ರವೂ ಒಂದೇ.

ಯುದ್ಧದ ಎಣ್ಣೆಬೆಂಕಿಯ ಪೂರ್ಣ ಸ್ವರೂಪವನ್ನು ಲೋಕವು ಕಂಡದ್ದು ಕೊಲ್ಲಿಯಲ್ಲಿ. ಇರಾನ್–ಇರಾಕ್ ಯುದ್ಧಕಾಲದಲ್ಲಿ, 1983ರಲ್ಲಿ, ನೌರೋಜ್ ತೈಲಕ್ಷೇತ್ರದ ವೇದಿಕೆಗಳು ದಾಳಿಗೊಳಗಾಗಿ ತಿಂಗಳುಗಟ್ಟಲೆ ಎಣ್ಣೆ ಸೋರಿತು. ಯುದ್ಧ ನಡೆಯುತ್ತಿದ್ದ ಕಾರಣ ಬಾವಿಗಳನ್ನು ಮುಚ್ಚಲು ಹೋಗುವುದೇ ದುಸ್ಸಾಧ್ಯವಾಯಿತು. 1990ರ ಆಗಸ್ಟ್ 2ರಂದು ಇರಾಕ್ ಕುವೈತನ್ನು ಆಕ್ರಮಿಸಿತು. 1991ರ ಜನವರಿಯಲ್ಲಿ ಕೊಲ್ಲಿಯ ನೀರಿಗೆ ಬಿಟ್ಟ ಎಣ್ಣೆಯ ಅಂದಾಜುಗಳು ಒಂದೇ ತೆರನಾಗಿಲ್ಲ. 60ರಿಂದ 80 ಲಕ್ಷ ಬ್ಯಾರೆಲ್ ಎಂಬುದು ಹೆಚ್ಚಾಗಿ ಉಲ್ಲೇಖಗೊಳ್ಳುವ ಅಂಕಿ. ಸೌದಿ ಅರೇಬಿಯದ ತೀರದಲ್ಲಿ 600 ಕಿಲೋಮೀಟರಿಗೂ ಹೆಚ್ಚು ಉದ್ದಕ್ಕೆ ಅದು ಬಳಿದುಕೊಂಡಿತು. ಸುಮಾರು 30,000 ಕಡಲಹಕ್ಕಿಗಳು ಸತ್ತವೆಂದು ಅಂದಾಜಿಸಲಾಗಿದೆ. ಏಡಿಗಳು ಕೊರೆದ ಬಿಲಗಳ ಮೂಲಕ ಎಣ್ಣೆಯು ಉಪ್ಪುಜೌಗಿನ ಕೆಸರಿನಾಳಕ್ಕೆ ಇಳಿಯಿತು. ಅಲ್ಲಿ ಗಾಳಿಯ ಸಂಪರ್ಕವಿಲ್ಲದ ಕಾರಣ ಅದನ್ನು ಕರಗಿಸುವ ಸೂಕ್ಷ್ಮಜೀವಿಗಳ ಕೆಲಸ ತೀರ ನಿಧಾನವಾಯಿತು. ಮೇಲೆ ನೋಡಿದರೆ ಶುಚಿಯಾದ ತೀರ. ಒಂದು ಗೇಣು ಅಗೆದರೆ ಕಪ್ಪು ಎಣ್ಣೆ.

ಫೆಬ್ರವರಿಯಲ್ಲಿ ಹಿಮ್ಮೆಟ್ಟುತ್ತಿದ್ದ ಸೇನೆಯು ಕುವೈತಿನ 600ಕ್ಕೂ ಹೆಚ್ಚು ತೈಲಬಾವಿಗಳಿಗೆ ಬೆಂಕಿಯಿಟ್ಟಿತು. ಉಚ್ಛ್ರಾಯದ ದಿನಗಳಲ್ಲಿ ದಿನವೊಂದಕ್ಕೆ 40ರಿಂದ 60 ಲಕ್ಷ ಬ್ಯಾರೆಲ್ ಎಣ್ಣೆ ಉರಿಯುತ್ತಿತ್ತು. ಕೊನೆಯ ಬಾವಿಯನ್ನು ಮುಚ್ಚಿದ್ದು 1991ರ ನವೆಂಬರ್ 6ರಂದು. ಉರಿಯದೆ ಚಿಮ್ಮಿದ ಎಣ್ಣೆಯು ಮರುಭೂಮಿಯ ತಗ್ಗುಗಳಲ್ಲಿ ನಿಂತು ನೂರಾರು ಕೆರೆಗಳಾಯಿತು. ಮಸಿಯೂ ಎಣ್ಣೆಯ ಹನಿಯೂ ಮರಳೊಡನೆ ಬೆರೆತು ಡಾಂಬರಿನಂಥ ಹೆಪ್ಪಾಯಿತು. ನೀರನ್ನೇ ಕೆರೆಯೆಂದು ತಿಳಿದ ಹಕ್ಕಿಗಳು ಎಣ್ಣೆಯ ಕೆರೆಗಿಳಿದು ಏಳಲಾರದೆ ಹೋದವು.

ಇಲ್ಲಿ ಬೀದರಿನ ಓದುಗರು ವಿಶೇಷವಾಗಿ ಗಮನಿಸಬೇಕಾದ ಅಂಶವೊಂದಿದೆ. ಕುವೈತಿನಂಥ ಬರಡು ನಾಡಿನಲ್ಲಿ ಸಿಹಿ ಅಂತರ್ಜಲವು ಉತ್ತರದ ರೌದತೈನ್, ಉಮ್ಮ್ ಅಲ್ ಐಶ್ ಎಂಬ ಎರಡು ತಗ್ಗುಪ್ರದೇಶಗಳ ಕೆಳಗೆ ತೆಳುವಾದ ಪದರವಾಗಿ ನಿಂತಿತ್ತು. ಅಪರೂಪದ ಮಳೆಯನ್ನು ಶತಮಾನಗಳ ಕಾಲ ಹೀರಿ ಕೂಡಿಟ್ಟ ನೀರು ಅದು. ಎಣ್ಣೆಯ ಕೆರೆಗಳ ಸೋರಿಕೆಯೂ ಬೆಂಕಿ ನಂದಿಸಲು ತಂದು ಸುರಿದ ಸಮುದ್ರದ ಉಪ್ಪುನೀರೂ ಕೆಳಗಿಳಿದು ಆ ಪದರವನ್ನು ಕೆಡಿಸಿದವು. ಬೀದರಿನ ನೌಬಾದಿನಲ್ಲಿ ಜಂಬಿಟ್ಟಿಗೆಯ ನೆಲವನ್ನು ಕೊರೆದು ನಿರ್ಮಿಸಿದ ಸುರಂಗಬಾವಿ, ಅಂದರೆ ಕರೇಜ್, ಪಾರಸಿಕ ದೇಶದ ಜಲವಿದ್ಯೆಯ ಕೊಡುಗೆ. ಮಹಮೂದ್ ಗವಾನನು ಬಂದ ಗೀಲಾನ್ ಪ್ರಾಂತವೂ ಅದೇ ದೇಶದ್ದು. ನೆಲದಡಿಯ ನೀರನ್ನು ತಾಯಿಯ ಎದೆಹಾಲಿನಂತೆ ಕಾಪಾಡಿಕೊಳ್ಳುವ ವಿದ್ಯೆಯನ್ನು ದಖನ್ನಿಗೆ ಕೊಟ್ಟ ಪ್ರದೇಶದಲ್ಲಿಯೇ ಇಂದು ನೆಲದಡಿಯ ಎಣ್ಣೆಗಾಗಿ ನೆಲದಡಿಯ ನೀರು ಬಲಿಯಾಗುತ್ತಿದೆ. 2025ರ ಜೂನ್‌ನಲ್ಲಿ ತೆಹರಾನಿನ ಶಹರಾನ್ ಇಂಧನ ಸಂಗ್ರಹಾಗಾರವು ಇಸ್ರೇಲಿನ ದಾಳಿಗೆ ಸಿಕ್ಕಿ ಉರಿದಾಗ ಜಗತ್ತು ಮತ್ತೆ ಅದೇ ಹೊಗೆಯನ್ನು ಕಂಡಿತು.

ಭಾರತಕ್ಕೂ ಈ ಹೊಗೆಗೂ ಸಂಬಂಧವೇನು? 1990ರ ಆಗಸ್ಟ್‌ನಿಂದ ಸುಮಾರು ಎರಡು ತಿಂಗಳ ಕಾಲ ಅಮ್ಮಾನಿನಿಂದ ಏರ್ ಇಂಡಿಯಾ ವಿಮಾನಗಳು 1,70,000ಕ್ಕೂ ಹೆಚ್ಚು ಭಾರತೀಯರನ್ನು ಮರಳಿ ಕರೆತಂದವು. ಅವರಲ್ಲಿ ಕರಾವಳಿಯ ಕನ್ನಡಿಗರೂ ತುಳುವರೂ ಕೊಂಕಣಿಗರೂ ಇದ್ದರು. 1991ರ ವಸಂತದಲ್ಲಿ ಕಾಶ್ಮೀರದಲ್ಲಿ ಕಪ್ಪು ಹಿಮ ಬಿದ್ದುದನ್ನು ಕುವೈತಿನ ಮಸಿಯೊಡನೆ ಜೋಡಿಸಿದ ವರದಿಗಳು ಬಂದವು. ಹೊಗೆಯು ಮೇಲ್‌ವಾತಾವರಣಕ್ಕೇರಿ ಏಷ್ಯದ ಮುಂಗಾರನ್ನೇ ಕೆಡಿಸೀತೆಂದು ಕಾರ್ಲ್ ಸೇಗನ್ ಮೊದಲಾದ ವಿಜ್ಞಾನಿಗಳು ಭಯಪಟ್ಟರು. ಹಾಗಾಗಲಿಲ್ಲ, ಹೊಗೆ ಅಷ್ಟು ಎತ್ತರಕ್ಕೆ ಏರಲಿಲ್ಲ, ಮುಂಗಾರು ನಿಲ್ಲಲಿಲ್ಲ, ಸೇಗನ್ ತಮ್ಮ ಅಂದಾಜು ತಪ್ಪಿತೆಂದು ಮುಂದೆ ಒಪ್ಪಿಕೊಂಡರು. ಈ ಸಂಗತಿಯನ್ನು ಇಲ್ಲಿ ಬೇಕೆಂದೇ ಹೇಳಲಾಗಿದೆ. ಯುದ್ಧದ ಪರಿಸರಹಾನಿಯ ಬಗೆಗೆ ಮಾತನಾಡುವವರು ಉತ್ಪ್ರೇಕ್ಷೆಯನ್ನು ಆಶ್ರಯಿಸಬೇಕಾಗಿಲ್ಲ. ಸಂಭವಿಸದೆ ಹೋದ ಪ್ರಳಯದ ಭಯಕ್ಕಿಂತ ಸಂಭವಿಸಿಯೂ ದಾಖಲಾಗದ ನಾಶವೇ ಹೆಚ್ಚು ಗಂಭೀರವಾದುದು.

ಹಾಗಾದರೆ ದಾಖಲೆ, ನ್ಯಾಯ, ಪರಿಹಾರಗಳ ಸ್ಥಿತಿಯೇನು? ಕುವೈತಿನ ಪ್ರಕರಣ ಒಂದು ಅಪವಾದ. ವಿಶ್ವಸಂಸ್ಥೆಯ ಭದ್ರತಾ ಮಂಡಳಿಯು 1991ರ ಏಪ್ರಿಲ್‌ನಲ್ಲಿ ಅಂಗೀಕರಿಸಿದ 687ನೆಯ ನಿರ್ಣಯವು ಪರಿಸರಹಾನಿಗೂ ನೈಸರ್ಗಿಕ ಸಂಪತ್ತಿನ ನಷ್ಟಕ್ಕೂ ಇರಾಕನ್ನೇ ಹೊಣೆಗಾರನನ್ನಾಗಿಸಿತು. ಅದರ ಮೇರೆಗೆ ಸ್ಥಾಪಿತವಾದ ಪರಿಹಾರ ಆಯೋಗವು ಒಟ್ಟು 5,240 ಕೋಟಿ ಡಾಲರ್ ಪರಿಹಾರವನ್ನು ಮಂಜೂರು ಮಾಡಿತು. ಅದರಲ್ಲಿ ಪರಿಸರಹಾನಿಯ ಪಾಲು ಸುಮಾರು 526 ಕೋಟಿ ಡಾಲರ್. ಇರಾಕಿನ ತೈಲ ಮಾರಾಟದ ಒಂದು ಭಾಗದಿಂದಲೇ ಈ ಹಣ ಬಂದಿತು. ಕೊನೆಯ ಕಂತು ತೀರಿದ್ದು 2022ರಲ್ಲಿ. ಎಣ್ಣೆ ಸುಟ್ಟ ಸಾಲವನ್ನು ಎಣ್ಣೆ ಮಾರಿಯೇ ತೀರಿಸಲು ಮೂರು ದಶಕ ಹಿಡಿಯಿತು. ಆದರೆ ಇದು ಸಾಧ್ಯವಾದದ್ದು ಇರಾಕ್ ಸೋತುದರಿಂದ ಎಂಬುದನ್ನು ಮರೆಯಲಾಗದು. 2006ರ ಜುಲೈನಲ್ಲಿ ಲೆಬನಾನಿನ ಜೀಯೆ ವಿದ್ಯುತ್ ಸ್ಥಾವರದ ತೈಲತೊಟ್ಟಿಗಳ ಮೇಲೆ ಇಸ್ರೇಲ್ ಬಾಂಬು ಹಾಕಿದಾಗ ಸುಮಾರು 150 ಕಿಲೋಮೀಟರ್ ತೀರ ಎಣ್ಣೆಮಯವಾಯಿತು. ವಿಶ್ವಸಂಸ್ಥೆಯ ಮಹಾಸಭೆಯು 85.64 ಕೋಟಿ ಡಾಲರ್ ಹಾನಿಯ ಲೆಕ್ಕವನ್ನು ಮುಂದಿಟ್ಟು ವರ್ಷವರ್ಷವೂ ನಿರ್ಣಯ ಮಾಡುತ್ತಿದೆ, ಪರಿಹಾರವಂತೂ ಬಂದಿಲ್ಲ. ಸೋತವನು ತೆರಬೇಕು, ಗೆದ್ದವನು ತೆರಬೇಕಿಲ್ಲ ಎಂಬುದು ನ್ಯಾಯವಲ್ಲ. ಅದು ದಂಡಯಾತ್ರೆಯ ಇನ್ನೊಂದು ರೂಪ.

ಕಾನೂನಿನಲ್ಲಿ ಇರುವ ಇನ್ನೊಂದು ಬಿರುಕು ಕರ್ನಾಟಕದ ಕರಾವಳಿಗೆ ನೇರವಾಗಿ ಸಂಬಂಧಿಸಿದ್ದು. ಹಡಗುಗಳಿಂದ ಎಣ್ಣೆ ಸೋರಿದಾಗ ಮೀನುಗಾರರಿಗೂ ತೀರವಾಸಿಗಳಿಗೂ ಪರಿಹಾರ ಕೊಡಿಸುವ 1992ರ ಅಂತಾರಾಷ್ಟ್ರೀಯ ಹೊಣೆಗಾರಿಕೆ ಒಪ್ಪಂದಕ್ಕೂ ಪರಿಹಾರನಿಧಿಯ ಒಪ್ಪಂದಕ್ಕೂ ಭಾರತ ಸದಸ್ಯರಾಷ್ಟ್ರ. ಆದರೆ ಸೋರಿಕೆಯು ಯುದ್ಧಕೃತ್ಯದಿಂದ ಆದುದಾದರೆ ಹಡಗಿನ ಒಡೆಯನಿಗೂ ಹೊಣೆಯಿಲ್ಲ, ನಿಧಿಗೂ ಹೊಣೆಯಿಲ್ಲವೆಂದು ಈ ಎರಡೂ ಒಪ್ಪಂದಗಳು ಸ್ಪಷ್ಟವಾಗಿ ಹೇಳುತ್ತವೆ. 2025ರ ಮೇ ತಿಂಗಳಲ್ಲಿ ‘ಎಂಎಸ್‌ಸಿ ಎಲ್ಸಾ 3’ ಎಂಬ ಹಡಗು ಕೇರಳದ ತೀರದಾಚೆ ಮುಳುಗಿದಾಗ ಆ ರಾಜ್ಯವು ಉಚ್ಚ ನ್ಯಾಯಾಲಯದಲ್ಲಿ 9,531 ಕೋಟಿ ರೂಪಾಯಿಗಳ ಪರಿಹಾರಕ್ಕಾಗಿ ದಾವೆ ಹೂಡಿತು. ಶಾಂತಿಕಾಲದ ಅಪಘಾತಕ್ಕೆ ಇಷ್ಟಾದರೂ ಬಾಗಿಲು ತೆರೆದಿದೆ. ಅದೇ ಹಡಗು ತೈಲವನ್ನು ತುಂಬಿಕೊಂಡು ಕ್ಷಿಪಣಿಗೆ ಸಿಕ್ಕಿ ಮುಳುಗಿದ್ದರೆ ಬಾಧಿತರು ಯಾರ ಬಾಗಿಲನ್ನು ತಟ್ಟಬೇಕು?

ಈ ಪ್ರಶ್ನೆ ಕಾಲ್ಪನಿಕವಲ್ಲ. ಮಂಗಳೂರಿನಲ್ಲಿ 15 ಲಕ್ಷ ಟನ್, ಉಡುಪಿ ಜಿಲ್ಲೆಯ ಪಾದೂರಿನಲ್ಲಿ 25 ಲಕ್ಷ ಟನ್ ಕಚ್ಚಾತೈಲವನ್ನು ಹಿಡಿಯಬಲ್ಲ ಭೂಗತ ಗುಹೆಗಳಿವೆ. ದೇಶದ ಮೊದಲ ಹಂತದ ವ್ಯೂಹಾತ್ಮಕ ಸಂಗ್ರಹ ಸಾಮರ್ಥ್ಯವಾದ 53.3 ಲಕ್ಷ ಟನ್ನಿನಲ್ಲಿ 40 ಲಕ್ಷ ಟನ್ ಕರ್ನಾಟಕದ ಕರಾವಳಿಯಲ್ಲಿಯೇ ಇದೆ. ಮಂಗಳೂರಿನಲ್ಲಿ ದೊಡ್ಡ ತೈಲಶುದ್ಧೀಕರಣಾಗಾರವಿದೆ. ಕಾರವಾರದ ಬಳಿ ನೌಕಾನೆಲೆಯಿದೆ. ಬಂಡೆಯಡಿಯ ಗುಹೆಗಳು ಮೇಲಣ ತೊಟ್ಟಿಗಳಿಗಿಂತ ಸುರಕ್ಷಿತವೆಂಬುದು ನಿಜ. ಆದರೆ ಎಣ್ಣೆಯು ಗುಹೆಯನ್ನು ಸೇರುವುದು ಸಮುದ್ರದ ಮೇಲೆ ನಿಂತ ಹಡಗಿನಿಂದ, ಕೊಳವೆಗಳ ಮೂಲಕ. ಈ ತೀರದಲ್ಲಿಯೇ ಹವಳವುಳ್ಳ ನೇತ್ರಾಣಿ ದ್ವೀಪವಿದೆ. ಉಪ್ಪುನೀರಿನಲ್ಲಿ ಬೆಳೆಯುವ ಕಗ್ಗ ಭತ್ತದ, ಚಿಪ್ಪುಮೀನಿನ ಅಘನಾಶಿನಿ ಅಳಿವೆಯಿದೆ. 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ ಈ ಅಳಿವೆಯಲ್ಲಿ ಕೆಸರಿಗಿಳಿದು ಚಿಪ್ಪು ಆರಿಸಿ ಬದುಕುವ ಹೆಂಗಸರಿದ್ದಾರೆ. ಸೌದಿಯ ಜೌಗಿನಲ್ಲಿ ಏಡಿಯ ಬಿಲಕ್ಕಿಳಿದ ಎಣ್ಣೆಯ ಕಥೆ ಅವರಿಗೆ ಯಾರೂ ಹೇಳಿಲ್ಲ.

ಯುದ್ಧದಲ್ಲಿ ಪರಿಸರಕ್ಕೆ ವ್ಯಾಪಕವೂ ದೀರ್ಘಕಾಲಿಕವೂ ತೀವ್ರವೂ ಆದ ಹಾನಿ ಮಾಡುವುದನ್ನು ಜಿನೀವಾ ಒಪ್ಪಂದಗಳ 1977ರ ಮೊದಲನೆಯ ಹೆಚ್ಚುವರಿ ಪ್ರೋಟೋಕಾಲ್ ನಿಷೇಧಿಸಿದೆ. ಮೂರೂ ವಿಶೇಷಣಗಳು ಒಟ್ಟಿಗೆ ಸಿದ್ಧವಾಗಬೇಕಾದ ಕಾರಣ ಅದರ ಬಲೆಗೆ ಬೀಳುವ ಪ್ರಕರಣಗಳು ವಿರಳ. ಭಾರತವು ಈ ಪ್ರೋಟೋಕಾಲಿಗೆ ಸೇರಿಲ್ಲ. ಪರಿಸರವನ್ನೇ ಮಾರ್ಪಡಿಸಿ ಆಯುಧವಾಗಿಸುವುದನ್ನು ನಿಷೇಧಿಸುವ ‘ಎನ್‌ಮಾಡ್’ ಒಪ್ಪಂದಕ್ಕೆ ಮಾತ್ರ 1978ರಲ್ಲಿ ಸೇರಿದೆ. 2001ರಲ್ಲಿ ವಿಶ್ವಸಂಸ್ಥೆಯು ನವೆಂಬರ್ 6ನ್ನು, ಅಂದರೆ ಕುವೈತಿನ ಕೊನೆಯ ಬಾವಿ ಆರಿದ ದಿನಾಂಕವನ್ನೇ, ಯುದ್ಧದಲ್ಲಿ ಪರಿಸರದ ದುರ್ಬಳಕೆಯನ್ನು ತಡೆಯುವ ಅಂತಾರಾಷ್ಟ್ರೀಯ ದಿನವೆಂದು ಘೋಷಿಸಿತು. 2022ರಲ್ಲಿ ಅಂತಾರಾಷ್ಟ್ರೀಯ ಕಾನೂನು ಆಯೋಗವು 27 ತತ್ತ್ವಗಳನ್ನು ಅಂಗೀಕರಿಸಿತು. ದಿನಾಚರಣೆಯೂ ತತ್ತ್ವವೂ ಇವೆ, ಬಾಧ್ಯತೆ ಇಲ್ಲ.

ಮನುಷ್ಯರೇ ಸಾಯುತ್ತಿರುವಾಗ ಹಕ್ಕಿ, ಏಡಿ, ಜೌಗುಗಳ ಚಿಂತೆ ವಿಲಾಸವಲ್ಲವೇ ಎಂಬ ಆಕ್ಷೇಪ ಬರುವುದು ಸಹಜ. ಈ ಆಕ್ಷೇಪವು ಮನುಷ್ಯನನ್ನೂ ನೆಲವನ್ನೂ ಬೇರ್ಪಡಿಸಿ ನೋಡುವುದರಿಂದ ಹುಟ್ಟಿದ್ದು. ಗುಂಡಿನಿಂದ ಸತ್ತವರ ಎಣಿಕೆ ಯುದ್ಧವಿರಾಮದ ದಿನ ನಿಲ್ಲುತ್ತದೆ. ಕೆಟ್ಟ ನೀರು ಕುಡಿದವರ, ಮೀನು ಸಿಗದೆ ಊರು ಬಿಟ್ಟವರ ಎಣಿಕೆ ಅಂದು ಆರಂಭವಾಗುತ್ತದೆ. ಶತ್ರುವಿನ ಇಂಧನವನ್ನು ನಾಶಮಾಡಿದರೆ ಯುದ್ಧ ಬೇಗ ಮುಗಿದು ಜೀವಗಳು ಉಳಿಯುತ್ತವೆ ಎಂಬುದು ಎರಡನೆಯ ಆಕ್ಷೇಪ. ಇದು ಕೆಲವೊಮ್ಮೆ ನಿಜವಾಗಿರಬಹುದು. ಆದರೆ ಕುವೈತಿನ ಬಾವಿಗಳಿಗೆ ಬೆಂಕಿ ಬಿದ್ದದ್ದು ಯುದ್ಧವನ್ನು ಗೆಲ್ಲಲು ಅಲ್ಲ, ಸೋತ ಮೇಲೆ. ಅಲ್ಲದೆ, ಯಾವ ದಾಳಿ ಅನಿವಾರ್ಯ, ಯಾವುದು ಅಲ್ಲ ಎಂದು ನಿರ್ಣಯಿಸಲು ಮೊದಲು ಹಾನಿಯ ಲೆಕ್ಕ ಇರಬೇಕು. ಲೆಕ್ಕವೇ ಇಲ್ಲದಲ್ಲಿ ಎಲ್ಲ ದಾಳಿಯೂ ಅನಿವಾರ್ಯವೆಂದೇ ತೋರುತ್ತದೆ.

ಕನ್ನಡ ಸಾಹಿತ್ಯದ ವಿದ್ಯಾರ್ಥಿಗಳಿಗೆ ಈ ಚರ್ಚೆಯ ಎರಡೂ ಮುಖಗಳು ಪರಿಚಿತವೇ. ಪಂಪನ ‘ಆದಿಪುರಾಣ’ದಲ್ಲಿ ಭರತ, ಬಾಹುಬಲಿಗಳ ಸೇನೆಗಳು ಎದುರುಬದುರಾದಾಗ ಮಂತ್ರಿಗಳು ನಡುವೆ ಬಂದು, ಇಬ್ಬರ ವಿವಾದಕ್ಕೆ ಲೋಕ ಏಕೆ ನಾಶವಾಗಬೇಕೆಂದು ವಿಚಾರಿಸಿ, ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಿಗೆ ಒಪ್ಪಿಸುತ್ತಾರೆ. ಯುದ್ಧಕ್ಕೆ ಮೇರೆ ಹಾಕುವ ಕಲ್ಪನೆಗೆ ಕನ್ನಡದಲ್ಲಿ ಇದಕ್ಕಿಂತ ಉಜ್ವಲವಾದ ನಿದರ್ಶನವಿಲ್ಲ. ಆದರೆ ಮೂರರಲ್ಲಿಯೂ ಸೋತ ಭರತನು ಒಪ್ಪಂದ ಮೀರಿ ಚಕ್ರವನ್ನು ಎಸೆಯುತ್ತಾನೆ. ಸೋತವನ ಸಿಟ್ಟು ಮೇರೆಯನ್ನು ಮುರಿಯುತ್ತದೆಂಬುದನ್ನು ಕವಿ ಅರಿತಿದ್ದನು. ಕುವೈತಿನಲ್ಲಿ ಆದದ್ದೂ ಅದೇ. ವ್ಯತ್ಯಾಸವಿಷ್ಟೇ: ಅಲ್ಲಿ ಚಕ್ರವು ಬಾಹುಬಲಿಯನ್ನು ನೋಯಿಸದೆ ಬಲವಂದು ನಿಂತಿತು. ಎಣ್ಣೆಯ ಬೆಂಕಿಗೆ ಆ ವಿವೇಕವಿಲ್ಲ.

ಇನ್ನೊಂದು ಮುಖ ಖಾಂಡವದಹನ. ಅಗ್ನಿಯ ಹಸಿವನ್ನು ತಣಿಸಲು ಕೃಷ್ಣಾರ್ಜುನರು ಕಾಡನ್ನೇ ಉಣಬಡಿಸುತ್ತಾರೆ. ಮಳೆ ಸುರಿಸಿ ನಂದಿಸಲು ಬಂದ ಇಂದ್ರನನ್ನು ಅರ್ಜುನನ ಬಾಣಗಳು ತಡೆಯುತ್ತವೆ. ಇರಾವತಿ ಕರ್ವೆಯವರು ‘ಯುಗಾಂತ’ದಲ್ಲಿ ಈ ಪ್ರಸಂಗದ ಕ್ರೌರ್ಯವನ್ನು ನಿಷ್ಠುರವಾಗಿ ವಿವೇಚಿಸಿದ್ದಾರೆ. ಆ ಬೆಂಕಿಯಿಂದ ಮಯನು ಬದುಕಿ ಇಂದ್ರಪ್ರಸ್ಥದ ಸಭೆಯನ್ನು ಕಟ್ಟಿದನು. ಅಶ್ವಸೇನನೆಂಬ ಸರ್ಪವೂ ಬದುಕಿ ತಾಯಿಯನ್ನು ಕಳೆದುಕೊಂಡ ರೋಷವನ್ನು ಉಳಿಸಿಕೊಂಡಿತು. ಮಯಸಭೆಯ ವೈಭವವನ್ನು ಎಲ್ಲರೂ ಕಂಡರು. ಅಶ್ವಸೇನನನ್ನು ಮಾತ್ರ ಎಲ್ಲರೂ ಮರೆತರು. ಅವನು ಕುರುಕ್ಷೇತ್ರದಲ್ಲಿ ಕರ್ಣನ ಬಾಣವಾಗಿ ಅರ್ಜುನನ ಕೊರಳನ್ನೇ ಅರಸಿ ಬಂದನು. ಸುಟ್ಟ ಕಾಡಿನ ಸಾಲ ತಲೆಯ ಕಿರೀಟವನ್ನಾದರೂ ಒಯ್ಯದೆ ತೀರಲಿಲ್ಲ. ಎರಡು ಮಹಾಯುದ್ಧಗಳಲ್ಲಿ ಮುಳುಗಿ ಇಂದಿಗೂ ಕಡಲ ತಳದಲ್ಲಿ ತುಕ್ಕು ಹಿಡಿಯುತ್ತಿರುವ, ಎಣ್ಣೆ ಕಾರಬಲ್ಲ ಎಂಟು ಸಾವಿರಕ್ಕೂ ಹೆಚ್ಚು ಹಡಗುಗಳನ್ನು ನೆನೆದರೆ ಅಶ್ವಸೇನನು ಕೇವಲ ಪುರಾಣಪಾತ್ರವಲ್ಲವೆಂಬುದು ಮನವರಿಕೆಯಾಗುತ್ತದೆ.

ಹೀಗಿರುವಾಗ ಆಗಬೇಕಾದದ್ದೇನು? ಭಾರತವು 1971ರ ತನ್ನ ವಿಜಯದ ಪರಿಸರಪರಿಣಾಮವನ್ನೂ ಸೇರಿಸಿಕೊಂಡು ಯುದ್ಧದ ಎಣ್ಣೆಬೆಂಕಿಯ ಇತಿಹಾಸವನ್ನು ಬರೆಯಿಸಬೇಕು. ಯುದ್ಧಕೃತ್ಯದ ಸೋರಿಕೆಗೂ ಪರಿಹಾರ ದೊರೆಯುವಂತೆ ದೇಶದೊಳಗಿನ ನಿಧಿಯೊಂದನ್ನು ಶಾಂತಿಕಾಲದಲ್ಲಿಯೇ ಸ್ಥಾಪಿಸಬೇಕು. ಕರಾವಳಿಯ ಪಂಚಾಯತಿಗಳಿಗೆ ತಮ್ಮ ಊರಿನ ತೀರ, ಅಳಿವೆ, ಬಾವಿಗಳ ಇಂದಿನ ಸ್ಥಿತಿಯ ದಾಖಲೆ ಇರಬೇಕು. ಹಾನಿಗೆ ಮುಂಚಿನ ಸ್ಥಿತಿ ಗೊತ್ತಿಲ್ಲದಿದ್ದರೆ ಹಾನಿಯನ್ನು ಸಾಧಿಸಿ ತೋರಿಸಲಾಗದೆಂಬುದು ಪರಿಹಾರ ಆಯೋಗದ ಮುಂದೆ ಬಂದ ದಾವೆಗಳು ಕಲಿಸಿದ ಪಾಠ. ಅಲ್ಲಿ ಪರಿಸರಹಾನಿಗಾಗಿ ಕೇಳಿದ್ದು ಸುಮಾರು 8,500 ಕೋಟಿ ಡಾಲರ್, ದೊರೆತದ್ದು ಅದರ ಹದಿನಾರನೆಯ ಒಂದು ಪಾಲು. ಸಾಹಿತ್ಯ, ಇತಿಹಾಸ ವಿಭಾಗಗಳ ಸಂಶೋಧಕರು 1990–91ರಲ್ಲಿ ಕುವೈತಿನಿಂದ ಮರಳಿದ ಕನ್ನಡಿಗರ ಬಾಯ್ದೆರೆಯ ನೆನಪುಗಳನ್ನು ಕೂಡಲೇ ದಾಖಲಿಸಬೇಕು. ಅಂದು ಮೂವತ್ತರ ಹರೆಯದಲ್ಲಿದ್ದವರು ಇಂದು ಅರವತ್ತನ್ನು ದಾಟಿದ್ದಾರೆ, ಕಾಯಲು ಕಾಲವಿಲ್ಲ.

ಹಳಗನ್ನಡದ ವೀರಗಲ್ಲುಗಳಲ್ಲಿ ತುರುಗೋಳ್, ಪೆಣ್ಬುಯ್ಯಲ್, ಊರಳಿವು ಎಂಬ ಪದಗಳು ಬರುತ್ತವೆ. ದನ ಹಿಡಿದಾಗ, ಹೆಣ್ಣಿನ ಮೊರೆ ಎದ್ದಾಗ, ಊರೇ ಅಳಿಯುವಾಗ ಎದುರುನಿಂತು ಮಡಿದವರ ಹೆಸರನ್ನು ಆ ಕಲ್ಲುಗಳು ಉಳಿಸಿವೆ. ಕೆಲವು ಶಾಸನಗಳ ಶಾಪಾಶಯವು ಕೆರೆಯನ್ನೂ ಆರವೆಯನ್ನೂ ಅಳಿದವರನ್ನು ಮಹಾಪಾತಕಿಗಳ ಸಾಲಿಗೆ ಸೇರಿಸಿದೆ. ಅರಸನ ಪ್ರಶಸ್ತಿಯು ಸುಟ್ಟದ್ದನ್ನು ಹೊಗಳಿದ ಕಾಲದಲ್ಲಿಯೇ ಊರಿನ ಕಲ್ಲು ಅಳಿದದ್ದನ್ನು ನೆನೆಯಿತು. ಕನ್ನಡಕ್ಕೆ ಅಂಥ ಸ್ಮೃತಿಯ ಪರಂಪರೆಯಿದೆ. ‘ಊರಳಿವು’ ಎಂಬ ಪದವನ್ನು ಟಂಕಿಸಿದ ಭಾಷೆಗೆ ‘ಕಡಲಳಿವು’ ಎಂಬುದನ್ನು ಟಂಕಿಸುವುದು ಕಷ್ಟವಲ್ಲ. ಖಟಕ ಚಿಂಚೋಳಿಯ ಹೊಲದಲ್ಲಿ ನಿಂತ ರೈತನಿಗೆ ಕಡಲು ಕಾಣದಿರಬಹುದು. ಆದರೆ ಅವನ ನೆಲದ ಮೇಲೆ ಸುರಿಯುವ ಮುಂಗಾರು ಎದ್ದು ಬರುವುದು ಆ ಕಡಲಿನಿಂದಲೇ.